ತಪ್ಪಾಗಿ ಓದಲು ಕಲಿಸಿದ್ದು

ನನಗೆ ಒಪ್ಪಿಸಿದ ಕೆಲಸ ಹೇಳುವುದಕ್ಕೆ ಸರಳವಾಗಿತ್ತು. ಹನ್ನೊಂದು ವರ್ಷದ ಒಬ್ಬ ಜಪಾನಿ ಹುಡುಗಿಯನ್ನು ಜಪಾನಿಗೆ ತಯಾರು ಮಾಡಬೇಕು.

ಹುಡುಗಿ ಬೆಂಗಳೂರಿಗೆ ಬಂದಾಗ ಅವಳಿಗೆ ಎರಡು ವರ್ಷ. ತಂದೆಗೆ ಕೆ.ಆರ್. ಪುರದ ಆಚೆ ಒಂದು ಕಾರ್ಖಾನೆಯಲ್ಲಿ ಕೆಲಸ, ಮನೆ ರಿಚರ್ಡ್ಸ್ ಟೌನ್‌ನಲ್ಲಿ. ಮುಂದಿನ ವರ್ಷದ ಏಪ್ರಿಲ್ ಹೊತ್ತಿಗೆ ಅವರು ಊರಿಗೆ ಮರಳುವವರಿದ್ದರು. ಜಪಾನಿನಲ್ಲಿ ಶಾಲೆ ಶುರುವಾಗುವುದು ಏಪ್ರಿಲ್‌ನಲ್ಲೇ. ಅಷ್ಟರೊಳಗೆ ಅವಳು ಅಲ್ಲಿನ ಮಾಧ್ಯಮಿಕ ಶಾಲೆಯ ಮೊದಲ ತರಗತಿಯಲ್ಲಿ ಕೂರುವುದಕ್ಕೆ ತಕ್ಕವಳಾಗಬೇಕು. ನಾನು ಹಲಸೂರಿನಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಕೋಣೆಯಲ್ಲಿ ಜಪಾನಿ ಭಾಷೆ ಕಲಿಸುತ್ತೇನೆ. ನನ್ನ ಹತ್ತಿರ ಬರುವವರೆಲ್ಲ ಜಪಾನಿಗೆ ಕೆಲಸಕ್ಕೆ ಹೋಗಬೇಕೆಂದಿರುವ ನಮ್ಮ ಕಡೆಯವರು. ಜಪಾನಿ ಮಗುವಿಗೇ ಜಪಾನಿ ಕಲಿಸುವ ಕೆಲಸ ನನಗೆ ಅದೇ ಮೊದಲು.

ಕೆಲಸ ಬಂದದ್ದು ಇಂದಿರಾನಗರದ ಒಂದು ಏಜೆನ್ಸಿಯಿಂದ. ವಿದೇಶಿ ಕುಟುಂಬಗಳಿಗೆ ಮನೆ, ಶಾಲೆ, ವೀಸಾ ಎಲ್ಲ ಹೊಂದಿಸಿಕೊಡುವ, ಅವರು ಹೊರಟಾಗ ಮೂಟೆ ಕಟ್ಟಿಸಿ ಕಳಿಸುವ ಏಜೆನ್ಸಿ ಅದು. ಅಲ್ಲಿನ ಮ್ಯಾನೇಜರ್ ನನ್ನ ಮುಂದೆ ಒಂದು ಫಾರಂ ಇಟ್ಟ. ತಾಯಿಯ ಜೊತೆ ಮಾತಾಡಿ ಅವನೇ ತುಂಬಿದ್ದು. ‘ತಿದ್ದಬೇಕಾದ ಅಂಶಗಳು’ ಎಂಬ ತಲೆಬರಹದ ಕೆಳಗೆ ಹೀಗಿತ್ತು: ಅಕ್ಷರ ಬರೆಯುವಾಗ ಗೆರೆಗಳ ಕ್ರಮ ತಪ್ಪುತ್ತದೆ. ಕೇಳುವ ಮೊದಲೇ ಕೈ ಎತ್ತುತ್ತಾಳೆ. ‘ಇಲ್ಲ’ ಎಂದು ನೇರವಾಗಿ ಹೇಳುತ್ತಾಳೆ. ನಗು ಜೋರು. ಇಂಗ್ಲಿಷ್ ಹೆಚ್ಚು.

“ಇಂಗ್ಲಿಷ್ ಹೆಚ್ಚು ಅಂದ್ರೆ?” ಎಂದೆ.

“ಅದೆಲ್ಲ ಡೀಟೇಲ್ಸ್ ಬಿಡಿ ಮೇಡಂ. ಹುಡುಗಿ ಬ್ರೈಟು. ಸ್ವಲ್ಪ ಪಾಲಿಶ್ ಮಾಡಿದ್ರೆ ಸಾಕು,” ಎಂದ. ನಾನು ಸಹಿ ಹಾಕಿದೆ.

ಮೊದಲ ದಿನ ಬಾಗಿಲು ತೆರೆದದ್ದು ಜೋಗುಪಾಳ್ಯದಿಂದ ಬರುವ ಆಯಾ. ಹುಡುಗಿ ಎರಡು ವರ್ಷದವಳಿದ್ದಾಗಿನಿಂದ ಸಾಕಿದವಳು. ಒಳಗಿನಿಂದ ಕೂಗು ಕೇಳುತ್ತಿತ್ತು: “ಆಯಾ, ಸೊನ್ನೇನ್ಲ, ಈ ಶೂ ಟೈಟು ಅಂತ! ನೀವು ಕೇಳೋದೇ ಇಲ್ಲ!” ತಮಿಳು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಆ ಕಂಟೋನ್ಮೆಂಟ್ ಮಾತು ಯಾರದೆಂದು ನೋಡಿದರೆ, ಒಂದು ಕಾಲಿಗೆ ಶೂ ಹಾಕಿಕೊಂಡ ಜಪಾನಿ ಹುಡುಗಿ. ನನ್ನನ್ನು ಕಂಡದ್ದೇ ಸೊಂಟ ಬಗ್ಗಿಸಿ, ಶುದ್ಧ ಜಪಾನಿಯಲ್ಲಿ ಮೊದಲ ಭೇಟಿಯ ನಮಸ್ಕಾರ ಹೇಳಿದಳು. ತಲೆ ಎತ್ತಿದ ಮೇಲೆ ಕನ್ನಡದಲ್ಲಿ ಕೇಳಿದಳು: “ನಿಮ್ಮನ್ನ ಸೆನ್ಸೇ ಅನ್ಬೇಕಾ, ಮಿಸ್ ಅನ್ಬೇಕಾ?”

ಜಪಾನಿ ಮಾತಾಡುವಾಗ ಸೆನ್ಸೇ, ಕನ್ನಡದಲ್ಲಿ ಮಿಸ್ ಎಂದು ಒಪ್ಪಂದವಾಯಿತು.

ಫೆಬ್ರುವರಿಯಿಂದ ಮೇವರೆಗೆ ವಾರಕ್ಕೆ ನಾಲ್ಕು ದಿನ ಪಾಠ. ಆರನೇ ತರಗತಿ ಮುಗಿಸುವ ಜಪಾನಿ ಮಗುವಿಗೆ ಸಾವಿರದ ಮೇಲೆ ಚಿತ್ರಾಕ್ಷರಗಳು ಬರಬೇಕು. ಅವಳಿಗೆ ಓದಲು ಬಹುಪಾಲು ಬರುತ್ತಿದ್ದವು, ಬರೆಯಲು ಅರ್ಧ. ದಿನಕ್ಕೆ ಹತ್ತು ಅಕ್ಷರ ತೆಗೆದುಕೊಂಡು ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂದು ಗಾಳಿಯಲ್ಲಿ ಬೆರಳಾಡಿಸಿ, ಆಮೇಲೆ ಕಾಗದಕ್ಕೆ ಇಳಿಯುತ್ತಿದ್ದೆವು. ಕೊನೆಗೆ ಗಟ್ಟಿಯಾಗಿ ಓದುವುದು. ಮೊದಲ ವಾರ ಅವಳ ಮಟ್ಟ ತಿಳಿಯಲೆಂದು ಒಂದು ಜಪಾನಿ ಪಾಠ, ಒಂದು ಇಂಗ್ಲಿಷ್ ಪಾಠ ಓದಿಸಿ ಫೋನಿನಲ್ಲಿ ಧ್ವನಿ ಹಿಡಿದಿಟ್ಟುಕೊಂಡೆ, ಏಜೆನ್ಸಿಗೂ ಕಳಿಸಿದೆ. ಇಂಗ್ಲಿಷ್ ಪಾಠವನ್ನು ಅವಳು ಪಾತ್ರಗಳಿಗೆ ಬೇರೆ ಬೇರೆ ದನಿ ಕೊಟ್ಟು ಓದಿದ್ದಳು. ನಾನು ಪೆನ್ನು ಕೆಳಗಿಟ್ಟು ಕೇಳಿದ್ದೆ.

ಕಷ್ಟವಾದದ್ದು ಪ್ರಬಂಧ. ಅದಕ್ಕೆಂದೇ ಚೌಕಗಳ ಹಾಳೆ ಬರುತ್ತದೆ. ಒಂದು ಅಕ್ಷರಕ್ಕೆ ಒಂದು ಚೌಕ, ಪ್ರತಿ ಪ್ಯಾರಾದ ಮೊದಲ ಚೌಕ ಖಾಲಿ, ಪೂರ್ಣವಿರಾಮಕ್ಕೂ ಅದರದೇ ಚೌಕ. ಈ ನಿಯಮಗಳನ್ನು ಎರಡೇ ದಿನದಲ್ಲಿ ಕಲಿತಳು. ಅವಳು ಕಲಿಯದೇ ಹೋದದ್ದು ಚೌಕದ ಒಳಗೆ ಏನು ಬರೆಯಬಾರದೆಂಬುದನ್ನು. ‘ನನ್ನ ಊರು’ ಎಂಬ ವಿಷಯ ಕೊಟ್ಟೆ. ಅವಳು ಬರೆದಳು: ‘ನನ್ನ ಊರು ಬೆಂಗಳೂರು. ಅಲ್ಲ ಎನ್ನುವವರು ಕಾರಣ ಕೊಡಬೇಕು.’

ನಾನು ಎರಡನೇ ವಾಕ್ಯವನ್ನು ಕೆಂಪು ಶಾಯಿಯಲ್ಲಿ ಹೊಡೆದೆ.

“ಯಾಕೆ? ತಪ್ಪೇನಿದೆ?”

“ತಪ್ಪಿಲ್ಲ. ಅಲ್ಲಿ ಹಾಗೆ ಬರೆಯೋದಿಲ್ಲ.”

“ಬರೆದ್ರೆ ಏನಾಗತ್ತೆ?”

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದವಳ ಹಾಗೆ ಮುಖ ಮಾಡಿ ಮುಂದಿನ ಹಾಳೆ ತಿರುಗಿಸಿದೆ. ಇವತ್ತು ಲೆಕ್ಕ ಹಾಕಿದರೆ ನನ್ನ ಮೊದಲ ತಪ್ಪು ಅದು.

ಜೂನ್‌ನಲ್ಲಿ, ಅವಳ ಇಂಟರ್‌ನ್ಯಾಷನಲ್ ಶಾಲೆಗೆ ರಜೆ ಬಂದಾಗ, ಅವರು ಮೂರು ವಾರಕ್ಕೆ ಜಪಾನಿಗೆ ಹೋದರು. ಹೊರದೇಶದಲ್ಲಿ ಬೆಳೆದ ಮಕ್ಕಳನ್ನು ರಜೆಯಲ್ಲಿ ಅಲ್ಲಿನ ಶಾಲೆಯಲ್ಲಿ ಕೆಲ ದಿನ ಕೂರಿಸಿ ರೂಢಿ ಮಾಡಿಸುವ ಪದ್ಧತಿಯಿದೆ. ಅಜ್ಜಿಯ ಮನೆಯ ಹತ್ತಿರದ ಶಾಲೆಯಲ್ಲಿ, ಆರನೇ ತರಗತಿಯಲ್ಲಿ, ಅವಳನ್ನು ಕೂರಿಸಿದರು. ಮುಂದೆ ಮಾಧ್ಯಮಿಕ ಶಾಲೆಗೆ ಅವಳ ಜೊತೆ ಬರುವವರೂ ಅದೇ ಮಕ್ಕಳು.

ಜುಲೈನಲ್ಲಿ ಮರಳಿದಾಗ ಆಯಾ ಬಾಗಿಲಲ್ಲೇ ನನ್ನನ್ನು ತಡೆದಳು. “ಪಾಪು ಮಾತೇ ಆಡ್ತಿಲ್ಲ ಟೀಚರಮ್ಮ. ನನ್ನ ಹತ್ರಾನೂ ಇಲ್ಲ. ಏನ್ ಮಾಡ್ಬಿಟ್ರೋ ಅಲ್ಲಿ.”

ಒಳಗೆ ತಾಯಿ ನಗುಮುಖದಿಂದ ಒಂದು ಬಿಳಿ ಚೌಕ ರಟ್ಟು ತಂದು ತೋರಿಸಿದರು. ಬೀಳ್ಕೊಡುವಾಗ ಇಡೀ ತರಗತಿ ಬರೆದುಕೊಟ್ಟದ್ದು. ನಡುವೆ ಟೀಚರ್ ಕೈಬರಹದಲ್ಲಿ ಹುಡುಗಿಯ ಹೆಸರು, ಅದರ ಸುತ್ತ ಬಣ್ಣ ಬಣ್ಣದ ಪೆನ್ನುಗಳಲ್ಲಿ ಮಕ್ಕಳ ಒಂದೊಂದು ಸಾಲು. “ಎಲ್ಲರೂ ಎಷ್ಟು ಪ್ರೀತಿಯಿಂದ ಬರೆದಿದ್ದಾರೆ ನೋಡಿ ಸೆನ್ಸೇ,” ಎಂದು ಕೊಟ್ಟು, ಚಹಾ ತರಲು ಹೋದರು.

ನಾನು ರಟ್ಟನ್ನು ತಿರುಗಿಸುತ್ತ ಓದಿದೆ. ‘ನಿನ್ನ ಇಂಗ್ಲಿಷ್ ಸೂಪರ್, ಥೇಟ್ ಹೊರದೇಶದವಳು!’ ‘ಯಾರೂ ಕೇಳದಿದ್ದರೂ ಉತ್ತರ ಹೇಳುತ್ತೀಯ, ಆಶ್ಚರ್ಯವಾಯಿತು.’ ‘ಬೇಗ ಜಪಾನಿಗೆ ಒಗ್ಗಿಕೋ.’ ‘ನಿನ್ನನ್ನು ನೋಡಿದರೆ ಇಂಡಿಯಾದ ಕರ್ರಿ ಊಟ ನೆನಪಾಗುತ್ತದೆ.’ ಒಂದೊಂದನ್ನೇ ತೆಗೆದರೆ ದೂರು ಕೊಡುವ ಹಾಗಿಲ್ಲ. ಎಲ್ಲವನ್ನೂ ಓದಿ ಮುಗಿಸಿದ ಮೇಲೆ ಇನ್ನೊಂದು ಕಂಡಿತು. ಒಬ್ಬರೂ ಅವಳ ಹೆಸರು ಬರೆದಿರಲಿಲ್ಲ. ಎಲ್ಲರೂ ಬರೆದದ್ದು ‘ಇಂಡೋ-ಸಾನ್’ ಎಂದು. ಜಪಾನಿಯಲ್ಲಿ ಇಂಡೋ ಎಂದರೆ ಇಂಡಿಯಾ. ಇಂಡಿಯಾ ಅವರೇ ಎಂದು ಕರೆದ ಹಾಗೆ.

ಹುಡುಗಿ ನನ್ನ ಎದುರು ಕೂತು ಮೇಜಿನ ಅಂಚನ್ನು ನೋಡುತ್ತಿದ್ದಳು. ತಾಯಿಗೆ ಕನ್ನಡ ಬರುವುದಿಲ್ಲ. ಅದಕ್ಕೇ ಇರಬೇಕು, ಕನ್ನಡದಲ್ಲಿ ಹೇಳಿದಳು.

“ಇಂಗ್ಲಿಷ್ ಪೀರಿಯಡ್‌ನಲ್ಲಿ ಟೀಚರ್ ನಂಗೆ ಓದೋಕೆ ಹೇಳಿದ್ರು ಮಿಸ್. ಓದ್ದೆ. ಸುಮ್ನೆ, ಯಾವಾಗ್ಲೂ ಓದೋ ಥರ. ಮೊದ್ಲು ಎಲ್ರೂ ಸೈಲೆಂಟು. ಆಮೇಲೆ ಒಬ್ಳು ನಕ್ಕಳು. ಆಮೇಲೆ ಎಲ್ರೂ. ಅಲ್ಲಿ ಮಕ್ಕಳೇ ಕ್ಲಾಸ್ ಗುಡಿಸ್ಬೇಕು, ಆಗ ಪೊರಕೆ ಹಿಡ್ಕೊಂಡು ನನ್ ಥರ ನಾಲ್ಗೆ ತಿರುಗಿಸಿ ತೋರಿಸ್ತಿದ್ರು.”

“ಟೀಚರ್?”

“ಟೀಚರೂ ನಕ್ಕರು. ‘ನಿನ್ ಮುಂದೆ ನನಗೇ ನಾಚಿಕೆ ಆಗತ್ತೆ’ ಅಂದ್ರು.”

ಆಮೇಲೆ ಊಟದ ವಿಷಯ ಹೇಳಿದಳು. ಅಲ್ಲಿ ಮಕ್ಕಳು ತರಗತಿಯಲ್ಲೇ ಊಟ ಮಾಡುತ್ತಾರೆ. ಐದಾರು ಮೇಜುಗಳನ್ನು ಒಂದಕ್ಕೊಂದು ತಾಗಿಸಿ ಗುಂಪಾಗಿ ಕೂರುತ್ತಾರೆ. ಅವಳ ಗುಂಪಿನ ಮೇಜುಗಳೆಲ್ಲ ಅಂಟಿಕೊಂಡಿದ್ದವು. ಅವಳ ಮೇಜಿಗೂ ಪಕ್ಕದ್ದಕ್ಕೂ ನಡುವೆ ಮಾತ್ರ ಇಷ್ಟು ಜಾಗ. ಅವಳು ಅಂಗೈಯನ್ನು ಅಡ್ಡವಾಗಿ ಹಿಡಿದು ತೋರಿಸಿದಳು. ಪ್ರತಿ ದಿನ ಅಷ್ಟೇ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. “ಅಳತೆ ಇಟ್ಟು ಮಾಡ್ದಂಗೆ ಮಿಸ್.”

ತಾಯಿ ಚಹಾ ತಂದಿಟ್ಟು ಹೋದರು. ಹುಡುಗಿ ಕಾದಿದ್ದು, ದನಿ ಇನ್ನೂ ತಗ್ಗಿಸಿ ಕೇಳಿದಳು: “ನಂಗೆ ಇಂಗ್ಲಿಷ್ ತಪ್ಪಾಗಿ ಓದೋದು ಕಲಿಸ್ತೀರಾ? ಅವ್ರ ಥರ?”

ನಾನು ಆಗಬಹುದು ಎಂದೆ. ಯಾಕೆ ಎಂದೆ ಎಂಬುದನ್ನು ಹೇಳಲೇಬೇಕು. ನಾನು ಎಂಟನೇ ತರಗತಿಗೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದವಳು. ನಾನು ‘ಹೊಂಟೇನ್ರಿ’ ಎಂದರೆ ಹಿಂದಿನ ಬೆಂಚಿನಿಂದ ‘ಹೊಂಟೇನ್ರಿ, ಬಂದೇನ್ರಿ’ ಎಂದು ರಾಗ ಏಳುತ್ತಿತ್ತು. ಒಂದು ಬೇಸಿಗೆ ರಜೆಯಲ್ಲಿ, ಬಸ್ಸಿನಲ್ಲಿ ಅಂಗಡಿಯಲ್ಲಿ ಕಿವಿಗೊಟ್ಟು ಕೇಳಿ, ನನ್ನ ಮಾತನ್ನು ಪೂರ್ತಿ ಬದಲಿಸಿಕೊಂಡೆ. ಒಂಬತ್ತನೇ ತರಗತಿಯಲ್ಲಿ ಯಾರೂ ನಗಲಿಲ್ಲ. ಅದನ್ನು ನಾನು ಇಷ್ಟು ವರ್ಷ ಗೆಲುವು ಎಂದೇ ತಿಳಿದಿದ್ದೆ.

ವಿಧಾನವೇನೋ ಸುಲಭ. ಜಪಾನಿ ಲಿಪಿಯಲ್ಲಿ ವ್ಯಂಜನ ಒಂಟಿಯಾಗಿ ನಿಲ್ಲುವುದು ಕಡಿಮೆ, ಅದಕ್ಕೊಂದು ಸ್ವರ ಬೇಕು. ಲಕಾರ ರಕಾರವಾಗುತ್ತದೆ, ವಕಾರ ಬಕಾರ. ಮಿಲ್ಕ್ ‘ಮಿರುಕು’ ಆಗುತ್ತದೆ, ಆಪಲ್ ‘ಅಪ್ಪುರು’, ಲೈಬ್ರರಿ ‘ರೈಬುರಾರಿ’. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ನಾವೂ ‘ಬಸ್’ ಅನ್ನು ಬಸ್ಸು, ‘ಬಲ್ಬ್’ ಅನ್ನು ಬಲ್ಬು ಮಾಡಿಕೊಂಡವರೇ. ಬಂದ ಮಾತನ್ನು ಭಾಷೆ ತನ್ನ ಮನೆಯ ಪದ್ಧತಿಯಲ್ಲಿ ಕೂರಿಸಿಕೊಳ್ಳುವ ರೀತಿ ಅದು. ಹಾಗೆ ಮಾತಾಡುತ್ತ ಬೆಳೆದ ಮಗುವಿನ ಬಾಯಲ್ಲಿ ಅದು ಸಹಜ. ಹೆದರಿದ ಮಗುವಿನ ಬಾಯಲ್ಲಿ ಅದನ್ನು ಕೂರಿಸಿದವಳು ನಾನು.

ಇಂಗ್ಲಿಷ್ ಸಾಲುಗಳ ಮೇಲೆ ಪೆನ್ಸಿಲ್‌ನಲ್ಲಿ ಜಪಾನಿ ಅಕ್ಷರ ಬರೆದೆ. ಅವಳು ಓದುವುದು, ನಾನು ಧ್ವನಿ ಹಿಡಿಯುವುದು, ಇಬ್ಬರೂ ಕೇಳುವುದು. “ಇಲ್ಲಿ ನಾಲಗೆ ಇನ್ನೂ ಚೆನ್ನಾಗಿ ತಿರುಗುತ್ತಿದೆ, ತಿರುಗಬಾರದು,” ಎಂದು ನಾನೇ ಹೇಳಿದೆ. ಮೂರು ವಾರಕ್ಕೆ ಅವಳು ಪಕ್ಕಾ ಆದಳು. ಪಾತ್ರಗಳ ದನಿಗಳೆಲ್ಲ ಹೋಗಿ ಪಾಠ ಒಂದೇ ಮಟ್ಟದಲ್ಲಿ ಹರಿಯತೊಡಗಿತು. ತಾಯಿ ಕೇಳಿ ಕಣ್ಣೊರೆಸಿಕೊಂಡರು. ಏಜೆನ್ಸಿಗೆ ಕೃತಜ್ಞತೆಯ ಪತ್ರ ಬರೆದರು.

ಸೆಪ್ಟೆಂಬರ್‌ನ ಒಂದು ಮಧ್ಯಾಹ್ನ ಆಯಾ ನನ್ನ ಹಿಂದೆಯೇ ಗೇಟಿನವರೆಗೆ ಬಂದಳು. ಅವಳ ಮುಖ ಗಂಟಿಕ್ಕಿತ್ತು.

“ಟೀಚರಮ್ಮ, ನೀವು ಏನ್ ಪಾಠ ಹೇಳ್ಕೊಟ್ರಿ ಆ ಮಗೂಗೆ?”

“ಯಾಕೆ?”

“ನಿನ್ನೆ ಶೂ ತರೋಕೆ ಶಿವಾಜಿನಗರಕ್ಕೆ ಕರ್ಕೊಂಡ್ ಹೋಗಿದ್ದೆ. ಅಂಗಡೀಲಿ ತಮಿಳಲ್ಲಿ ಏನೋ ಕೇಳ್ದೆ. ಸುತ್ತ ನೋಡ್ಬಿಟ್ಟು, ‘ಎಲ್ರೂ ಇದ್ದಾಗ ನನ್ ಹತ್ರ ಹಂಗ್ ಮಾತಾಡ್ಬೇಡಿ’ ಅಂದ್ಳು. ಒಂಬತ್ತು ವರ್ಷ ಎತ್ತಿ ಆಡಿಸಿದೀನಿ. ನನ್ ಮಾತು ನಾಚಿಕೆ ಆಯ್ತಾ? ಅಲ್ಲಿಯವ್ರು ಮಾಡಿದ್ದು ಸಾಲ್ದು ಅಂತ ನೀವೂ ಸೇರ್ಕೊಂಡ್ರಾ?”

ನಾನು ಗೇಟು ದಾಟಿ ಹೊರಟೆ. ಹಲಸೂರಿನವರೆಗೂ ನಡೆದೇ ಬಂದೆ. ಸಿಟ್ಟು ಬಂದಿತ್ತು. ಅದು ಆಯಾ ಮೇಲಿನದೆಂದು ಅರ್ಧ ದಾರಿಯವರೆಗೆ ನಂಬಿಸಿಕೊಂಡೆ, ಆಮೇಲೆ ಆಗಲಿಲ್ಲ.

ಪಾಠ ನಿಲ್ಲಿಸಬೇಕು ಎಂದುಕೊಳ್ಳುತ್ತಿರುವಾಗಲೇ ಮ್ಯಾನೇಜರ್ ಫೋನ್ ಮಾಡಿದ. ಹೊರಡುವ ಕುಟುಂಬಗಳಿಗೆ ಶನಿವಾರ ಬೆಳಗ್ಗೆ ಇಂದಿರಾನಗರದಲ್ಲಿ ಒಂದು ಸಭೆ ಇಟ್ಟಿದ್ದಾನೆ. ಹುಡುಗಿ ಬಂದು ನಾಲ್ಕು ಮಾತು ಹೇಳುತ್ತಾಳೆ, ನಾನು ಪಾಠದ ಕ್ರಮ ವಿವರಿಸಬೇಕು. ಅಲ್ಲಿಗೆ ಹೋಗಿಯೇ ನನ್ನ ಅಭಿಪ್ರಾಯ ಹೇಳೋಣ ಎಂದುಕೊಂಡೆ.

ಸಭೆಯಲ್ಲಿ ಹದಿನೈದು ಕುಟುಂಬಗಳಿರಬಹುದು, ಮಕ್ಕಳೂ ಬಂದಿದ್ದರು. ಎಲ್ಲ ಬೆಂಗಳೂರಿನಲ್ಲೇ ಬೆಳೆಯುತ್ತಿರುವ ಜಪಾನಿ ಮಕ್ಕಳು. ಮ್ಯಾನೇಜರ್ ಪರದೆಯ ಮೇಲೆ ‘ಮೊದಲು’ ಎಂದು ಬರೆಸಿ ಒಂದು ಧ್ವನಿ ಹಾಕಿದ. ಫೆಬ್ರುವರಿಯಲ್ಲಿ ನಾನು ಹಿಡಿದಿಟ್ಟದ್ದು. ಪಾತ್ರಗಳಿಗೆ ಬೇರೆ ಬೇರೆ ದನಿ ಕೊಟ್ಟು ಅವಳು ಓದಿದ ಆ ಪಾಠ. ಎರಡನೇ ಸಾಲಿನಲ್ಲಿ ಕೂತಿದ್ದ ಮಕ್ಕಳು ಕಿಸಕ್ಕೆಂದರು. ತಮ್ಮ ಮನೆಯಲ್ಲಿ, ತಮ್ಮ ಶಾಲೆಯಲ್ಲಿ ಥೇಟ್ ಹಾಗೇ ಮಾತಾಡುವ ಮಕ್ಕಳು. ನಗಬೇಕಾದ್ದು ಯಾವುದಕ್ಕೆ ಎಂದು ಅವರಿಗೆ ಯಾರೋ ಆಗಲೇ ಕಲಿಸಿದ್ದರು.

ಆಮೇಲೆ ‘ನಂತರ’ ಎಂದು ಬಂತು. ಹುಡುಗಿ ಮೈಕಿನ ಮುಂದೆ ನಿಂತು ಅದೇ ಪಾಠವನ್ನು ನಾನು ಕಲಿಸಿದ ಹಾಗೆ ಓದಿದಳು. ದೊಡ್ಡವರೆಲ್ಲ ಚಪ್ಪಾಳೆ ಹೊಡೆದರು. ಮ್ಯಾನೇಜರ್ ಖುಷಿಯಾಗಿ, “ವನ್ಸ್ ಮೋರ್!” ಎಂದ.

ನಾನು ಎದ್ದೆ. “ಸಾಕು ನಿಲ್ಸಿ,” ಎಂದು ಕನ್ನಡದಲ್ಲಿ ಅವನಿಗೆ ಹೇಳಿ, ಜಪಾನಿಯಲ್ಲಿ ತಂದೆತಾಯಂದಿರ ಕಡೆ ತಿರುಗಿದೆ. ಮೊದಲು ಕೇಳಿದ್ದರಲ್ಲಿ ಯಾವ ತಪ್ಪೂ ಇಲ್ಲ, ಈಗ ಕೇಳಿದ್ದು ನಾನು ಕಲಿಸಿದ ತಪ್ಪು ಎಂದೆ. ಈ ಮಗು ಚೆನ್ನಾಗಿ ಓದಿತೆಂದು ಅಲ್ಲಿನ ತರಗತಿ ಅವಳ ಮೇಜನ್ನು ದೂರವಿಟ್ಟಿತು, ನಾವು ಆ ತರಗತಿಯನ್ನು ಏನೂ ಕೇಳದೆ ಇವಳ ನಾಲಗೆ ಕತ್ತರಿಸಿ ಚಪ್ಪಾಳೆ ತಟ್ಟುತ್ತಿದ್ದೇವೆ ಎಂದೆ. ದನಿ ಏರಿತ್ತು. ಜಪಾನಿಯಲ್ಲಿ ಅಷ್ಟು ಒರಟಾಗಿ ನಾನು ಯಾವತ್ತೂ ಮಾತಾಡಿದ್ದಿಲ್ಲ.

ತಾಯಿ ತಲೆ ತಗ್ಗಿಸಿದ್ದರು. ಹುಡುಗಿ ಮೈಕ್ ಬಿಟ್ಟು ಹೊರಗೆ ಓಡಿದಳು. ನಾನು ಹಿಂದೆ ಹೋದೆ. ಮೆಟ್ಟಿಲ ಮೇಲೆ ಸಿಕ್ಕಳು. ಸಮಾಧಾನ ಹೇಳಲು ಬಾಯಿ ತೆರೆದೆ.

“ನಿಮ್ಮನ್ನ ಯಾರ್ ಕೇಳಿದ್ರು ಮಿಸ್?” ಎಂದಳು. ಮುಖ ಕೆಂಪಾಗಿತ್ತು. “ಮೇಜಿನ ವಿಷ್ಯ ನಾನು ನಿಮ್ಗೆ ಮಾತ್ರ ಹೇಳಿದ್ದು. ಅಲ್ಲೂ ಎಲ್ರೂ ನನ್ನೇ ನೋಡಿದ್ರು. ಇಲ್ಲೂ ಎಲ್ರೂ ನನ್ನೇ ನೋಡೋ ಹಂಗೆ ಮಾಡಿದ್ರಿ.”

ಅವಳು ಹೇಳಿದ್ದು ನಿಜ. ಒಳಗೆ ನಾನು ನ್ಯಾಯ ಹೇಳಿದೆ ಎಂದುಕೊಂಡಿದ್ದೆ. ಅವಳ ಗುಟ್ಟನ್ನು ಅವಳ ಅನುಮತಿಯಿಲ್ಲದೆ ಅಷ್ಟು ಜನರ ಮುಂದೆ ಬಿಚ್ಚಿದ್ದೆ.

ಸೋಮವಾರ ಏಜೆನ್ಸಿಯಿಂದ ಎರಡು ಸಾಲಿನ ಮೇಲ್ ಬಂತು. ಇನ್ನು ನನ್ನ ಸೇವೆ ಬೇಕಿಲ್ಲ. ಮ್ಯಾನೇಜರ್ ಫೋನಿನಲ್ಲಿ ಒಂದು ಮಾತು ಸೇರಿಸಿದ: “ಕ್ಲೈಂಟ್ ಏನ್ ಕೇಳ್ತಾರೋ ಅದನ್ನ ಕೊಡೋದು ನಮ್ ಕೆಲ್ಸ ಮೇಡಂ. ಜಪಾನ್ ತಿದ್ದೋದಲ್ಲ.” ನಾನು ಫೋನ್ ಇಟ್ಟೆ. ಅವನಿಗೆ ಹೇಳಬಹುದಾಗಿದ್ದ ಉತ್ತರಗಳು ಒಂದು ತಿಂಗಳು ತಲೆಯಲ್ಲಿ ಸುತ್ತುತ್ತಿದ್ದವು.

ನವೆಂಬರ್ ಕೊನೆಯಲ್ಲಿ, ಬೆಳಗಿನ ತರಗತಿ ಮುಗಿದ ಹೊತ್ತಿಗೆ, ಪಾತ್ರೆ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿ ತಾಯಿ ಬಂದರು. ಮೊದಲ ಸಲ ಅವರು ನನ್ನ ಕೋಣೆಗೆ ಬಂದದ್ದು. ಕೆಳಗೆ ಯಾರೋ ಸ್ಟೀಲ್ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದು. ಅವರು ಬೆಂಚಿನ ತುದಿಯಲ್ಲಿ ಕೂತರು.

“ಮಗಳು ಬೇರೆ ಸೆನ್ಸೇ ಬೇಡ ಅನ್ನುತ್ತಾಳೆ. ನೀವೂ ಬೇಡ ಅನ್ನುತ್ತಾಳೆ. ಆದರೆ ನಿಮ್ಮ ಹೆಸರು ಹೇಳುವಾಗ ಮಾತ್ರ ಜಗಳಕ್ಕೆ ಬರುತ್ತಾಳೆ. ಉಳಿದ ಹೊತ್ತು ಸುಮ್ಮನಿರುತ್ತಾಳೆ.”

ನಾನು ಕೈಯಲ್ಲಿದ್ದ ಡಸ್ಟರ್ ಕೆಳಗಿಟ್ಟೆ.

“ಆ ರಟ್ಟನ್ನು ನಾನು ವಿಮಾನ ನಿಲ್ದಾಣದಲ್ಲೇ ಓದಿದ್ದೆ ಸೆನ್ಸೇ. ಆ ಅಡ್ಡಹೆಸರನ್ನೂ ಓದಿದ್ದೆ. ಓದಿಯೂ ಅವರ ಟೀಚರಿಗೆ ಧನ್ಯವಾದದ ಪತ್ರ ಬರೆದೆ.”

“ಯಾಕೆ?”

“ನಾನು ಮಾಧ್ಯಮಿಕ ಶಾಲೆಯ ಕೊನೆಯ ವರ್ಷದಲ್ಲಿದ್ದಾಗ ಅಮೆರಿಕದಲ್ಲಿ ಬೆಳೆದ ಒಬ್ಬ ಹುಡುಗಿ ನಮ್ಮ ತರಗತಿಗೆ ಬಂದಳು. ಅವಳು ಇಂಗ್ಲಿಷ್ ಓದಿದಾಗ ನಾವೆಲ್ಲ ನಕ್ಕೆವು. ನಾವೇನು ಕೆಟ್ಟ ಮಕ್ಕಳಾಗಿರಲಿಲ್ಲ. ಅವಳು ಬಾಯಿ ತೆರೆದರೆ ನಾವು ಇಷ್ಟು ವರ್ಷ ಕಲಿತದ್ದೆಲ್ಲ ಸುಳ್ಳು ಅನಿಸುತ್ತಿತ್ತು. ಅವಳು ಕೈ ಎತ್ತಿದರೆ ನಾವು ಎತ್ತಲಿಲ್ಲ ಎಂದು ಎದ್ದು ಕಾಣುತ್ತಿತ್ತು. ಅವಳು ಏನೂ ಮಾಡದೆ ನಮ್ಮನ್ನು ಸಣ್ಣವರನ್ನಾಗಿ ಮಾಡುತ್ತಿದ್ದಳು. ಮೇಜು ದೂರ ಸರಿಸಿದವರಲ್ಲಿ ನಾನೂ ಒಬ್ಬಳು. ಎಷ್ಟು ದೂರ ಸರಿಸಿದರೆ ಟೀಚರಿಗೆ ಕಾಣುವುದಿಲ್ಲ ಎಂದು ನನಗೆ ಗೊತ್ತು. ಅದಕ್ಕೇ ನನಗೆ ಹೆದರಿಕೆ. ಅಲ್ಲಿ ಬದುಕಬೇಕಾದವಳು ನನ್ನ ಮಗಳು, ನೀವಲ್ಲ.”

ನನಗೆ ಮರುಕ ಬರಬೇಕಿತ್ತು. ಬರಲಿಲ್ಲ. ಆ ಕ್ಷಣದಲ್ಲಿ ಎದುರಿಗೆ ಕೂತಿದ್ದ ಹೆಂಗಸಿನಲ್ಲಿ ಮೇಜು ಸರಿಸುವ ಹದಿನಾಲ್ಕು ವರ್ಷದ ಹುಡುಗಿಯೇ ಕಂಡಳು, ಹಿಂದಿನ ಬೆಂಚಿನಲ್ಲಿ ಕೂತು ನನ್ನ ಮಾತನ್ನು ರಾಗ ಮಾಡಿ ಹಾಡಿದವರೂ ಕಂಡರು. ಅವರೆಲ್ಲ ಈಗ ಯಾರದೋ ತಾಯಂದಿರು, ಬಹಳ ಒಳ್ಳೆಯವರು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಈ ಸಲ ಸಿಟ್ಟಿನಲ್ಲಿ ಎದ್ದು ನಿಲ್ಲುವುದು ಬೇಡ, ಕೆಲಸಕ್ಕೆ ಬರುವುದನ್ನು ಹೇಳಬೇಕು ಎಂದುಕೊಂಡೆ.

“ಮತ್ತೆ ಪಾಠಕ್ಕೆ ಬರುತ್ತೇನೆ. ಏಜೆನ್ಸಿ ಬೇಡ. ಒಂದೇ ಷರತ್ತು. ಈಗ ನನಗೆ ಹೇಳಿದ್ದನ್ನು ನಿಮ್ಮ ಮಗಳಿಗೆ ಹೇಳಬೇಕು.”

ಅವರು ಬೆಚ್ಚಿಬಿದ್ದರು. “ಅವಳು ನನ್ನನ್ನು ಕ್ಷಮಿಸುವುದಿಲ್ಲ.”

“ಕ್ಷಮಿಸದೇ ಇರಲಿ. ತಪ್ಪು ತನ್ನ ನಾಲಗೆಯಲ್ಲಿ ಇಲ್ಲ ಅಂತ ಅವಳಿಗೆ ಗೊತ್ತಾಗಬೇಕು. ಅದನ್ನ ನಾನು ಹೇಳಿದರೆ ನಂಬುವುದಿಲ್ಲ. ಆ ಕಡೆ ಕೂತಿದ್ದವರು ಹೇಳಬೇಕು.”

ಒಂದು ವಾರದ ಮೇಲೆ ಕರೆ ಬಂತು. ಹೇಳಿದ್ದಾರೆ. ಮಗಳು ನಾಲ್ಕು ದಿನ ತಾಯಿಯ ಜೊತೆ ಮಾತಾಡಿಲ್ಲ, ಆಯಾ ಜೊತೆ ಮಾತ್ರ ಊಟ ಮಾಡಿದ್ದಾಳೆ. ಐದನೇ ದಿನ ಬಂದು ಒಂದೇ ಪ್ರಶ್ನೆ ಕೇಳಿದ್ದಾಳೆ: “ಆ ಹುಡುಗಿಯ ಹೆಸರೇನು?”

ತಾಯಿಗೆ ನೆನಪಿರಲಿಲ್ಲ. ತರಗತಿಯೆಲ್ಲ ಅವಳನ್ನು ‘ಅಮೆರಿಕ-ಸಾನ್’ ಎಂದು ಕರೆಯುತ್ತಿದ್ದದ್ದು ಮಾತ್ರ ನೆನಪಿತ್ತು.

ಡಿಸೆಂಬರ್‌ನಲ್ಲಿ ನಾನು ಮತ್ತೆ ರಿಚರ್ಡ್ಸ್ ಟೌನ್‌ಗೆ ಹೋದೆ. ಮೊದಲು ಹುಡುಗಿಯ ಹತ್ತಿರ ಸಭೆಯ ದಿನದ ತಪ್ಪಿಗೆ ಕ್ಷಮೆ ಕೇಳಿದೆ. ಅವಳು, “ಇನ್ಮೇಲೆ ಕೇಳ್ಬಿಟ್ಟು ಹೇಳಿ,” ಎಂದಳು, ಅಷ್ಟೆ. ಆಮೇಲೆ ತಪ್ಪು ಓದಿನ ಪಾಠ ನಿಲ್ಲಿಸುವುದಾಗಿ ಹೇಳಿದೆ.

“ಕಲಿತದ್ದು ಮರೆಯಲ್ಲ ಮಿಸ್. ನಂಗೆ ಎರಡೂ ಬರತ್ತೆ. ಯಾವುದು ಎಲ್ಲಿ ಅಂತ ನಾನು ನೋಡ್ಕೋತೀನಿ. ನಂಗೆ ಬೇರೆ ಒಂದು ಬೇಕು. ಒಂದು ವಾಕ್ಯ. ಇಂಡೋ-ಸಾನ್ ಅಂತ ಕರೆದ್ರೆ ಹೇಳೋಕೆ.”

ಒಂದು ವಾಕ್ಯಕ್ಕೆ ನಾವು ಎರಡು ವಾರ ತೆಗೆದುಕೊಂಡೆವು. ಚೌಕದ ಹಾಳೆಯಲ್ಲಿ ನಾನು ಮೊದಲು ಬರೆದದ್ದು: ‘ಕ್ಷಮಿಸಿ, ಸಾಧ್ಯವಾದರೆ ನನ್ನನ್ನು ಹೆಸರಿನಿಂದ ಕರೆದರೆ ಸಂತೋಷವಾಗುತ್ತದೆ.’ ಜಪಾನಿಯಲ್ಲಿ ಅದು ಲಕ್ಷಣವಾದ ವಾಕ್ಯ, ಯಾರಿಗೂ ನೋವಾಗದ್ದು. ಅವಳು ಕೆಂಪು ಪೆನ್ನು ಕೇಳಿ ತೆಗೆದುಕೊಂಡಳು. ‘ಕ್ಷಮಿಸಿ’ ಹೊಡೆದಳು. “ತಪ್ಪು ಮಾಡಿದ್ದು ನಾನಲ್ಲ.” ಮರುದಿನ ‘ಸಾಧ್ಯವಾದರೆ’ ಹೊಡೆದಳು. “ಹೆಸ್ರು ಕರೆಯೋದು ಯಾರಿಗೆ ಸಾಧ್ಯ ಇಲ್ಲ?” ‘ಸಂತೋಷವಾಗುತ್ತದೆ’ ಹೋಯಿತು. ಕೊನೆಗೆ ಅವಳೇ ಬರೆದದ್ದು: ‘ನನಗೆ ಹೆಸರಿದೆ. ಅದರಿಂದ ಕರೆಯಿರಿ.’

ನಾನು ಕೊನೆಯ ಪದದ ಬಗ್ಗೆ ಎಚ್ಚರಿಸಿದೆ. ಓರಗೆಯವರಿಗೆ ಮರ್ಯಾದೆಯ ರೂಪ ಬಳಸಿದರೆ ಜಪಾನಿಯಲ್ಲಿ ಮಾತು ತಣ್ಣಗಾಗುತ್ತದೆ, ದೂರ ನಿಲ್ಲಿಸಿದ ಹಾಗಾಗುತ್ತದೆ. ‘ಕರೆಯಿರಿ’ ಬದಲು ‘ಕರೆ’ ಎಂದರೆ ಸ್ನೇಹ ಇರುತ್ತದೆ ಎಂದೆ.

“ಮರ್ಯಾದೆ ಇರ್ಲಿ ಮಿಸ್,” ಎಂದಳು. “ಸ್ನೇಹ ಆಮೇಲೆ ನೋಡೋಣ.”

ಮಾರ್ಚ್‌ನಲ್ಲಿ ಅವರು ಹೊರಟರು. ಆಯಾ ವಿಮಾನ ನಿಲ್ದಾಣದವರೆಗೂ ಹೋಗಿದ್ದಳಂತೆ. ನಾನು ಹೋಗಲಿಲ್ಲ, ಅವತ್ತು ನನ್ನ ವಿದ್ಯಾರ್ಥಿಗಳಿಗೆ ಪರೀಕ್ಷೆ ಇತ್ತು.

ಮೇ ತಿಂಗಳ ಒಂದು ಭಾನುವಾರ ಹುಡುಗಿ ವಿಡಿಯೋ ಕಾಲ್ ಮಾಡಿದಳು. ಕೂದಲನ್ನು ಶಾಲೆಯ ನಿಯಮದಂತೆ ಕಿವಿಯ ಕೆಳಗೆ ಕತ್ತರಿಸಿದ್ದರು. ಕನ್ನಡದಲ್ಲೇ ಮಾತಾಡಿದಳು. ಇಂಗ್ಲಿಷ್ ತರಗತಿಯಲ್ಲಿ ಅವಳು ‘ಅಪ್ಪುರು’ ಎಂದೇ ಓದುತ್ತಾಳೆ. “ಅದು ನನ್ ಡಿಸಿಷನ್.” ಮೊದಲ ವಾರವೇ ಇಂಡೋ-ಸಾನ್ ಎಂದು ಕರೆದರು. ಊಟದ ಹೊತ್ತಿಗೆ, ಎಲ್ಲರೂ ಕೂತಿದ್ದಾಗ, ವಾಕ್ಯ ಹೇಳಿದಳು.

“ಏನಾಯ್ತು?”

“ಎರಡು ದಿನ ಯಾರೂ ಮಾತಾಡ್ಸಲಿಲ್ಲ. ಮೂರನೇ ದಿನ ಒಬ್ಳು ಹೆಸ್ರು ಹಿಡಿದು ಕರೆದು ರಬ್ಬರ್ ಕೇಳಿದ್ಳು. ಈಗ ನಾಲ್ಕು ಜನ ಕರೀತಾರೆ. ಬೇರೆಯವ್ರು ಇನ್ನೂ ಇಲ್ಲ.”

“ಮೇಜು?”

“ದಿನಾ ಸರಿಸ್ತಾರೆ. ದಿನಾ ನಾನು ನನ್ ಮೇಜು ತಳ್ಕೊಂಡು ಹೋಗಿ ತಾಗಿಸ್ತೀನಿ. ಸದ್ದು ಬರೋ ಹಂಗೆ.”

ಕೋಪ ಬರುತ್ತದೆಯೇ ಎಂದು ಕೇಳಿದೆ. ದಿನಾ ಬರುತ್ತದೆ ಎಂದಳು. ಬರಲಿ, ಅದನ್ನು ಮಾತ್ರ ಯಾರ ಕೈಗೂ ತಿದ್ದಲು ಕೊಡಬೇಡ ಎಂದೆ. ಅವಳು ಜೋರಾಗಿ ನಕ್ಕಳು. ಫೋನ್ ಇಡುವ ಮೊದಲು ತಾಯಿ ಹೇಗಿದ್ದಾರೆಂದು ವಿಚಾರಿಸಿದೆ.

“ಅಮ್ಮ ಅಜ್ಜಿ ಮನೇಲಿ ಹಳೇ ಸ್ಕೂಲ್ ಆಲ್ಬಂ ಹುಡುಕಿದ್ರು. ಆ ಹುಡುಗಿ ಹೆಸ್ರು ಸಿಕ್ತು. ಅಡ್ರೆಸ್ಸೂ ಗೊತ್ತಾಯ್ತು. ಪತ್ರ ಬರೀಬೇಕು ಅಂತ ದಿನಾ ಕೂತ್ಕೋತಾರೆ, ಏನ್ ಬರೆಯೋದು ಗೊತ್ತಾಗ್ತಿಲ್ಲ ಅಂತ ಎದ್ದು ಹೋಗ್ತಾರೆ.”

“ನೀನೇನಂದೆ?”

“ಸಾರಿ ಎಲ್ಲ ಆಮೇಲೆ ಬರಿ, ಮೊದ್ಲು ಮೇಲ್ಗಡೆ ಅವ್ರ ಹೆಸ್ರು ಬರಿ ಅಂದೆ.”